ಫೇ ಅಲ್ಲ, ಫೈ

ಎಲೆಯ ಅಂಚು ಹಳದಿಯಲ್ಲ, ಬಿಸಿಲಿಗೆ ಹಾಗೆ ಕಾಣುತ್ತದೆ ಅಷ್ಟೇ, ಎಂದುಕೊಂಡು ಪಂಚಶೀಲಾ ಇನ್ನೊಂದು ಬಾಳೆಯತ್ತ ಬಾಗಿದಳು, ಅದೂ ಹಾಗೇ, ಅದರಾಚೆಯದೂ, ಕಮಲಾಪುರದ ಕೆಂಬಾಳೆ ಈ ಹೊತ್ತಿಗೆ ಎದೆಮಟ್ಟ ಬಂದಿರಬೇಕು, ಇವು ಮೊಣಕಾಲಿಗೇ ನಿಂತುಬಿಟ್ಟಿವೆ, ಏನಂತೀ ತಂಗಿ, ಹಿಂದಿನಿಂದ ಸೂಗಮ್ಮ, ತೋಟದ ಒಡತಿ, ನೋಡಾಕತ್ತೀನ್ರೀ ಅವ್ವಾರ — ನೋಡುವುದೇನಿದೆ, ಕಪನೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಡಬ್ಬಿಗಳ ಮೇಲಿನ ಹೆಸರು ಬರೆದುಕೊಡುವವಳು ಅವಳೇ, ಸೂಗಮ್ಮ ಇವಕ್ಕೆ ಹೊಡೆದ ಡಬ್ಬಿಯ ಒಳಗಿರುವುದು ಏನೆಂದು ಅವಳಿಗೆ ಗೊತ್ತು, ಫಾಸ್ಫೈಟ್, ಕೊಳೆರೋಗಕ್ಕೆ ಅಳೆದು ಕೊಡುವ ಔಷಧಿ, ಮೇಲೆ ಅಚ್ಚಾಗಿರುವುದು ಫಾಸ್ಫೇಟ್, ಗಿಡದ ಊಟ. ಸರಿಯಾಗೇ ಬರೆದಿದ್ದಳಲ್ಲ, ಫಕಾರದ ಅಡಿಗೆ ಐತ್ವ ಕೊಟ್ಟು, ದುಂಡಗೆ, ಮೋಮಿನಪುರದ ಛಾಪಖಾನೆಯ ತಾರಿಖ್ ಫೋನು ಮಾಡಿದ, ಬಾಜಿ, ಅಕ್ಕಾ, ಇದು ಫೈ ಏನು ಫೇ, ಎಲ್ಲಾರೂ ಫೇ ಅಂತಲೇ ಛಾಪಸ್ತಾರ, ನೀವೇ ತಪ್ಪೀರಿ ಅನಸ್ತದ, ತಿದ್ದಲೇನ್ರೀ, ಯಾರು ತಪ್ಪೆಂದರೂ ತನ್ನದೇ ತಪ್ಪಿರಬೇಕು ಎನ್ನುವ ಜೀವ ಅವಳದು, ಅದೂ ಸಂಜೆ ಕಾಲೇಜಿನಲ್ಲಿ ಆಕಳಿಸುತ್ತ ಕಲಿತ ರಸಾಯನ, ಹೂಂ ತಿದ್ರಿ, ಅಂದುಬಿಟ್ಟಳು, ನೋಟುಪುಸ್ತಕ ತೆಗೆದದ್ದು ನಿನ್ನೆ, ಅದರಲ್ಲಿತ್ತು, ರಸಾಯನದ ಸರ್ ಹೇಳಿದ್ದು, ಫೈ ಬರೋದು ಫಾಸ್ಫರಸ್ ಆಮ್ಲದಿಂದ, ಅದರಾಗ ಹೈಡ್ರೋಜನ್ ಮೂರು, ಬಿಟ್ಟು ಹೋಗೂವು ಎರಡೇ, ಮೂರನೇದು ರಂಜಕಕ್ಕೇ ಅಂಟಿಕೊಂಡಿರತದ, ಮನಿ ಅಳಿಯ ಇದ್ದಂಗ, ಅತ್ತಿ ಬೈದ್ರೂ ಹೋಗಂಗಿಲ್ಲ, ಇಡೀ ತರಗತಿ ನಕ್ಕಿತ್ತು, ಅವಳು ನಗುತ್ತಲೇ ಬರೆದುಕೊಂಡಿದ್ದಳು, ಫೇಗೆ ಆಕ್ಸಿಜನ್ ನಾಲ್ಕು, ಫೈಗೆ ಮೂರು, ನಾಲ್ಕನೆಯದರ ಜಾಗದಲ್ಲಿ ಆ ಅಳಿಯ, ಗಿಡಕ್ಕೆ ಎರಡರ ಮುಖವೂ ಒಂದೇ, ಬಾ ಎಂದು ಒಳಗೆ ಕರೆದುಕೊಳ್ಳುತ್ತದೆ, ಆದರೆ ಫೈ ಮೈಗೆ ಹತ್ತುವುದಿಲ್ಲ, ಹೊಟ್ಟೆ ತುಂಬಿತೆಂದು ತಿಳಿದ ಗಿಡ ಹಸಿವೆ ಎಂದು ಕೂಗುವುದನ್ನೂ ಬಿಡುತ್ತದೆ, ಹೋದ ತಿಂಗಳು ಗಿಡ ಏಳವಲ್ಲವು ಎಂದು ಸೂಗಮ್ಮ ಫೋನು ಮಾಡಿದಾಗ ಅಳತಿ ದುಪ್ಪಟ್ಟು ಮಾಡ್ರಿ ಎಂದವರು ಯಾರು, ಅವಳೇ, ಇದೇ ಬಾಯಿ.

ಮಾಲೀಕ ರಘೂತ್ತಮರಾಯರಿಗೆ ನಿನ್ನೆಯೇ ಹೇಳಿದ್ದಳು, ಬೆಳಿಗ್ಗೆ ಅವರು ಕಾಗದ ಕೈಗಿಟ್ಟರು, ಮಣ್ಣಿನ ದೋಷ ಅಂತ ಬರದೀನಿ, ಬರೇ ತೋಟದಾಕಿ ಸಹಿ ತಗೊಂಡು ಬಾ, ಭಾಳ ಶಾಣ್ಯಾಕಿ ಆಗಬ್ಯಾಡ, ಕೆಲಸ ಯಾರದು ಹೋಗ್ತದ ಗೊತ್ತದಲಾ, ಗೊತ್ತದ ಸರ್, ಅಂದಿದ್ದಳು, ಆ ಕಾಗದವನ್ನು ತೋಟದಲ್ಲಿ ಓದಿ ಹೇಳಿಯೂ ಆಗಿತ್ತು, ಸೂಗಮ್ಮ ಒಂದು ಗಿಡ ಹಿಡಿದು ಎಳೆದಳು, ಎಳೆಯುವುದೇನು, ಎತ್ತಿದಳು, ಬಂದುಬಿಟ್ಟಿತು, ಬೇರು ಬೆರಳುದ್ದ, ಮೊಂಡು, ಒಂದೂ ಕವಲಿಲ್ಲ, ನೀ ಓದಿದಾಕಿ ಹೇಳವ್ವ, ಮಣ್ಣಿಂದೇ ತಪ್ಪೇನು, ನಮ್ಮತ್ತಿ ಕಾಲದಿಂದ ಬೆಳದ ಮಣ್ಣು, ಈಗ ಹ್ಯಾಂಗ ಕೆಟ್ಟಿತು, ಇರ್ಲಿ, ಕೊಡು ಕಾಗದ, ನಿನ್ನ ಬಸ್ಸು ಹೋಗ್ತದ, ಹೇಳು, ಈಗ ಹೇಳು ಎಂದು ಪಂಚಶೀಲಾ ತನ್ನ ನಾಲಗೆಯನ್ನು ತಿವಿಯುತ್ತಾಳೆ, ಅದೂ ಮೊಂಡು ಬೇರು, ಸೂಗಮ್ಮ ಮೊಣಕಾಲ ಮೇಲೆ ಕಾಗದವಿಟ್ಟು ಅಕ್ಷರ ಕೂಡಿಸುತ್ತಿದ್ದಾಳೆ, ಸೂ, ಗ, ಮ, ಮಕ್ಕೆ ಒತ್ತು, ಒತ್ತನ್ನು ಮರೆಯುವುದಿಲ್ಲ, ಮತ್ತೊಮ್ಮೆ ತಿದ್ದುತ್ತಾಳೆ, ಹಂಗಾರ ಉಳಿದ ಎರಡು ಡಬ್ಬಿ ಸಂಜಿಗಿ ಹೊಡದೇ ಬಿಡ್ತೀನಿ ತಂಗಿ, ಬ್ಯಾಡ್ರೀ, ಯಾರದು ಅಷ್ಟು ಗಟ್ಟಿಯಾಗಿ ಅಂದದ್ದು, ಅವಳೇ, ಬ್ಯಾಡ? ಯಾಕ ಬ್ಯಾಡ, ನೀನೇ ಹೇಳಿದ್ಯಲ್ಲ — ಫೈ ಅನ್ನಬೇಕು, ಇಷ್ಟೇ, ಫೇ ಅಲ್ಲ ಫೈ, ತಿದ್ದಿಸಿದಾಕಿ ನಾನೇ, ಫ, ಬರೀ ಉಸಿರು, ಫ — ಸೂಗಮ್ಮನ ಅಂಗೈ ಮುಂದೆ ಚಾಚಿದೆ, ಉತ್ತರಕ್ಕೆ ಕಾದಿದೆ, ಅದರ ಮೇಲೆ ಆ ಬೇರು, ಬೆರಳುದ್ದ, ಮೊಂಡು, ಒಂದೂ ಕವಲಿಲ್ಲ