ಕಿತಾಬ್ ಆಗಿದೆ, ಮದುವೆ ಆಗಿಲ್ಲ

ಚುಂಯ್ ಎಂದಿತು ಬೆಳ್ಳುಳ್ಳಿ ಒಗ್ಗರಣೆ, ಜೊತೆಗೇ ಅಮ್ಮ ಹಾ ಎಂದು ಉಸಿರೆಳೆದುಕೊಂಡದ್ದೂ ಕೇಳಿಸಿತು, ಆ ಉಸಿರು ಎಳೆಯದಿದ್ದರೆ ಮುಲೂಖಿಯಾ ಸೊಪ್ಪಿನ ಸಾರಿಗೆ ರುಚಿ ಹತ್ತುವುದಿಲ್ಲವಂತೆ, ಅಜ್ಜಿಯೂ ಹೀಗೇ ಎಳೆಯುತ್ತಿದ್ದಳು, ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗೆ ಬೆಚ್ಚಿ — ಬಾಲ್ಕನಿಯ ಸ್ಟೂಲಿನ ಮೇಲೆ ಕೂತಿದ್ದ ರಬಾಬ್ ತಾನೂ ಉಸಿರೆಳೆದಳು, ಬಿಡುವುದು ಮರೆತಳು. ತೊಡೆಯ ಮೇಲೆ ಪಾಸ್‌ಪೋರ್ಟ್, ಕೈಯಲ್ಲಿ ಫೋನು, ಫೋನಿನಲ್ಲಿ ಆ ಹೆಂಗಸಿನ ಸಂದೇಶ ನಿನ್ನೆಯಿಂದ ಹಾಗೇ ಕೂತಿದೆ, ಮಿಸೆಸ್ ಕ್ಯಾರಲ್, ಜರ್ಸಿ ಸಿಟಿಯಲ್ಲಿ ಹಲ್ಲು ಕಟ್ಟುವ ಅಂಗಡಿಯ ಯಜಮಾನಿ, ಅಪ್ಪ ರೊಟ್ಟಿ ಸುಡುವ ಬೇಕರಿಯ ಮೇಲಿನ ಮಹಡಿಯಲ್ಲೇ ಅವಳ ಅಂಗಡಿ, ಅಪ್ಪ ದಿನಾ ಒಂದು ತಟ್ಟೆ ಬಸ್ಬೂಸಾ ಸಿಹಿ ಮೇಲಕ್ಕೆ ಹೊತ್ತು ಹೊತ್ತು ಮಗಳಿಗೆ ಗಿಟ್ಟಿಸಿದ ಕೆಲಸ ಅದು. ಎಷ್ಟು ಮರ್ಯಾದೆಯಿಂದ ಬರೆದಿದ್ದಾಳೆ, ಪ್ರೀತಿಯ ರಬಾಬ್, ನೀವು ಬರುವ ಮುನ್ನವೇ ನಿಮಗೆ ಇಲ್ಲಿ ಕೆಲಸ ಮಾಡುವ ಹಕ್ಕಿದೆ ಎನ್ನುವುದಕ್ಕೆ ಏನಾದರೂ ತೋರಿಸಿ, ವೀಸಾ ಪುಟದ ಚಿತ್ರವಾದರೂ ಸಾಕು, ಕೆಳಗಿನ ನಾಲ್ಕು ಸಾಲು ತುಂಬಿ, ನಾಳೆಯೊಳಗೆ ಉತ್ತರ ಬಂದರೆ ಜಾಗ ನಿಮಗೇ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ, ಕ್ಷಮಿಸಿ. ಇಲ್ಲಿ ಮಧ್ಯಾಹ್ನ ಇಳಿದು ಮಸೀದಿಯಲ್ಲಿ ಅಸರ್ ಬಾಂಗ್ ಆಗುವ ಹೊತ್ತು, ಅಲ್ಲಿ ಈಗ ಬೆಳಗಾಗಿ ಬಾಗಿಲು ತೆಗೆದಿರುತ್ತಾರೆ. ನಾಲ್ಕು ಸಾಲಿನಲ್ಲಿ ಮೂರು ತುಂಬಿಯಾಯಿತು, ಹೆಸರು, ಹುಟ್ಟಿದ ದಿನ, ಅಪ್ಪನ ಮನೆಯ ವಿಳಾಸ, ನಾಲ್ಕನೆಯದು ತೆರಿಗೆ ಲೆಕ್ಕಕ್ಕೆ ಬೇಕಂತೆ — ಮದುವೆ ಆಗಿದೆಯೇ, ಇಲ್ಲವೇ.

ಇಲ್ಲ, ಅಂತ ನಿನ್ನೆ ಬರೆದುಬಿಡುತ್ತಿದ್ದಳು, ಇನ್ನೇನು ಒತ್ತಬೇಕು, ಕೆಳಗೆ ಓಣಿಯಲ್ಲಿ ಗ್ಯಾಸ್ ಮಾರುವವನು ಸಿಲಿಂಡರಿಗೆ ಪಾನಾದಿಂದ ಟಣ್ ಟಣ್ ಬಡಿದ, ಅಮ್ಮ ಕೂಗಿದಳು, ಎದ್ದು ಹೋದಳು, ಹಾಗೆ ಉಳಿಯಿತು ಆ ಸಾಲು, ಉಳಿದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಬರೆದಿದ್ದರೆ ಇವತ್ತು ಜೊತೆ ಕೆಲಸದ ಇನಾಸ್ ಹೇಳಿದ್ದಕ್ಕೆ ಕಿವಿಯನ್ನೇ ಕೊಡಬೇಕಾಗಿರಲಿಲ್ಲ. ವೀಸಾ ಪುಟ ಎಷ್ಟು ಚೆಂದ, ಅವಳದೇ ಮುಖ, ಕಿವಿ ಕಾಣುವ ಹಾಗೆ ಮುಸುಕು ಸರಿಸಿ ತೆಗೆಸಿದ ಫೋಟೋ, ಅಲ್ಲಿ ಇಳಿದು ಅವರ ಅಧಿಕಾರಿ ಒಂದು ಮುದ್ರೆ ಒತ್ತಿದನೆಂದರೆ ಆ ಪುಟವೇ ವರ್ಷದ ಮಟ್ಟಿಗೆ ಕೆಲಸದ ಪರವಾನಗಿ, ಬೇರೆ ಕಾರ್ಡು ಬರುವವರೆಗೂ ಯಾರೂ ಕೇಳುವ ಹಾಗಿಲ್ಲ, ಅದನ್ನೇ ಮಿಸೆಸ್ ಕ್ಯಾರಲ್‌ಗೆ ಬಿಡಿಸಿ ಬರೆದಿದ್ದಳು, ಹೆಮ್ಮೆಯಿಂದ ಬರೆದಿದ್ದಳು. ಅದೇ ಪುಟದ ಮೂಲೆಯಲ್ಲಿ ಎರಡು ಅಕ್ಷರ, ನಡುವೆ ಒಂದು ಅಂಕಿ, ಅದರ ಅರ್ಥ ಅಲ್ಲಿ ವಾಸವಿರುವವನ ಮದುವೆಯಾಗದ ಮಗಳು. ಮದುವೆಯಾಗದ, ಅಷ್ಟೇ, ಆ ಒಂದು ಮಾತಿನ ಮೇಲೆ ಪುಟವೆಲ್ಲ ನಿಂತಿದೆ. ಕೈರೋದ ವೀಸಾ ಕಚೇರಿಯ ಕಿಟಕಿಯಲ್ಲಿ ಆ ಕನ್ನಡಕದ ಹೆಂಗಸು ಬಲಗೈ ಎತ್ತಿಸಿ ಕೇಳಿದ್ದಳು, ಮದುವೆ ಆಗಿಲ್ಲ ತಾನೇ, ಆಗಿಲ್ಲ, ಅಲ್ಲಿ ಹೋಗಿ ಇಳಿಯೋವರೆಗೂ ಆಗಬಾರದು, ಗೊತ್ತಾಯ್ತಾ, ಗೊತ್ತಾಯ್ತು ಅಂತ ನಕ್ಕಿದ್ದಳು ರಬಾಬ್, ಸುಳ್ಳು ಹೇಳಿರಲಿಲ್ಲ, ದೇವರಾಣೆಗೂ ಇಲ್ಲ, ಮದುವೆ ಅಂದರೆ ಬಿಳಿ ಉಡುಪು, ಬಾಡಿಗೆ ಶಾದಿಮಹಲು, ಡೋಲು ತಮಟೆ, ದೃಷ್ಟಿಯಾಗದಂತೆ ಅತ್ತೆ ಕಾಲಿಗೆ ಉಪ್ಪು ಚೆಲ್ಲುವುದು, ಗಂಡನ ಮನೆಯ ಬೀಗದ ಕೈ, ಅದ್ಯಾವುದೂ ಆಗಿರಲಿಲ್ಲವಲ್ಲ, ಈಗಲೂ ಆಗಿಲ್ಲವಲ್ಲ — ಆಗಿರುವುದು ಬರೀ ಕಿತಾಬ್.

ಬರೀ ಕಿತಾಬ್, ನಿಕಾಹಿನ ಕಾಗದ ಬರೆಸಿದ್ದಷ್ಟೇ, ವೀಸಾ ಕೈಗೆ ಬಂದ ಮೇಲಿನ ಶುಕ್ರವಾರ, ಅಪ್ಪನದೇ ಹಟ, ಹೆಣ್ಣುಮಗು ಒಬ್ಬಳೇ ಸಮುದ್ರ ದಾಟ್ತಾಳೆ, ಹುಡುಗನ್ನ ಸುಮ್ನೆ ಉಂಗುರದ ಮೇಲೆ ನಿಲ್ಲಿಸಿ ಬಂದ್ರೆ ನಾಳೆ ಅವರಮ್ಮ ಬೇರೆ ಕಡೆ ನೋಡ್ತಾಳೆ, ಕಿತಾಬ್ ಬರೆಸಿಬಿಡಿ, ಮದುವೆ ನಿಧಾನಕ್ಕೆ ಮಾಡೋಣ, ಅಂದ ಫೋನಿನಲ್ಲಿ, ಓಣಿಯಲ್ಲಿ ಯಾರ ಮನೆಯಲ್ಲಿ ಹೀಗೆ ಮಾಡುವುದಿಲ್ಲ, ಕಿತಾಬ್ ಬರೆಸಿಕೊಂಡು ಎರಡು ಮೂರು ವರ್ಷ ಫ್ರಿಜ್ಜು ಹಾಸಿಗೆ ಕೂಡಿಸುತ್ತ ತವರಲ್ಲೇ ಇರುವ ಹುಡುಗಿಯರು ಮಹಡಿಗೊಬ್ಬಳಿದ್ದಾಳೆ, ಅವರನ್ನು ಯಾರೂ ಗಂಡನುಳ್ಳವಳು ಅನ್ನುವುದಿಲ್ಲ, ಮದುಮಗಳು ಅನ್ನುತ್ತಾರೆ. ಓಣಿಯ ಮಸೀದಿ, ಹಸಿರು ಕಂಬಳಿ, ಅಪ್ಪನ ಬದಲಿಗೆ ದೊಡ್ಡಪ್ಪ ಶೌಕಿ, ಎದುರಿಗೆ ಹುಡುಗ ಹೈಸಮ್, ಫ್ರಿಜ್ಜು ರಿಪೇರಿಯವನು, ಅವನ ಕೈಯಲ್ಲಿ ಎಷ್ಟು ತೊಳೆದರೂ ಹೋಗದ ಫ್ರಿಜ್ಜಿನ ಎಣ್ಣೆಯ ವಾಸನೆ, ಇಬ್ಬರ ಬಲಗೈ ಕೂಡಿಸಿ, ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿ ನಿಲ್ಲಿಸಿ, ಮೇಲೆ ಬಿಳಿ ಕರವಸ್ತ್ರ ಹೊದಿಸಿ, ಅದರ ಮೇಲೆ ಶೇಖ್ ತನ್ನ ಕೈಯಿಟ್ಟ, ಕರವಸ್ತ್ರದ ನಡುವೆ ಆ ಎರಡು ಹೆಬ್ಬೆರಳು ಎತ್ತಿದ ಚೂಪು, ಅದನ್ನೇ ನೋಡುತ್ತ ಕೂತಿದ್ದಳು ಅವಳು, ಅದು ಸ್ವಲ್ಪ ನಡುಗುತ್ತಿತ್ತು, ನಡುಗುತ್ತಿದ್ದುದು ಹೈಸಮ್‌ನ ಬೆರಳೇ, ಅವಳಿಗೆ ಗೊತ್ತು, ಆಗ ಎಷ್ಟು ಪ್ರೀತಿ ಉಕ್ಕಿತ್ತು ಅವನ ಮೇಲೆ. ಫೋನಿನೊಳಗಿಂದ ಅಪ್ಪ, ಕೈ ಕಾಣ್ತಿಲ್ಲ ಕಣ್ರೋ, ಹತ್ರ ಹಿಡೀರೋ, ಅಂತ ಅಳುತ್ತಳುತ್ತಲೇ ಗದರುತ್ತಿದ್ದ. ಆಮೇಲೆ ಅವಳೂ ಸಹಿ ಹಾಕಿ, ನೀಲಿ ಮಸಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದ್ದಳು, ಅಮ್ಮ ನಿಂಬೆಹಣ್ಣು ಹಾಕಿ ಉಜ್ಜಿ ತೊಳೆದಳು, ಮಸಿ ಹೋಯಿತು, ಒತ್ತಿದ್ದು ಹೋಗುತ್ತದೆಯೇ.

ಹೋಗುವುದಿಲ್ಲ ಅಂದಳಲ್ಲ ಇನಾಸ್, ಇವತ್ತು ಬೆಳಿಗ್ಗೆ, ಇಲ್ಲಿಯ ಹಲ್ಲಿನ ಅಂಗಡಿಯಲ್ಲಿ ರಬಾಬ್‌ಳ ಕೊನೆಯ ದಿನ ಅಂತ ಕೇಕು ಕತ್ತರಿಸಿದ ಮೇಲೆ, ಇಬ್ಬರೂ ಅಕ್ಕಪಕ್ಕ ಕೂತು ಮೇಣದ ಹಲ್ಲು ಕೆತ್ತುತ್ತಿದ್ದ ಅದೇ ಬೆಂಚಿನ ಮೇಲೆ, ಸುಮ್ಮನೆ ಮಾತಿಗೆ ಕೇಳಿದ್ದಳು ರಬಾಬ್, ಈ ಕೊನೇ ಸಾಲಲ್ಲಿ ಏನು ಬರೀಬೇಕೇ, ಆಗಿಲ್ಲ ಅಂತ ತಾನೇ, ಇನಾಸ್‌ಳ ಕೈಯ ಚಾಕು ನಿಂತಿತು, ಎಷ್ಟು ಮೆಲ್ಲಗೆ ಕೇಳಿದಳು, ಕಿತಾಬ್ ಆಗಿದೆಯಲ್ಲೇ ನಿಂದು, ಆಗಿದೆ, ಮದುವೆ ಆಗಿಲ್ಲ, ಅಯ್ಯೋ ಹುಚ್ಚಿ, ಅಲ್ಲಿಯವರಿಗೆ ಡೋಲು ಬೇಡ, ಕಾಗದ ಸಾಕು, ನಮ್ಮ ಭಾವನ ತಂಗಿ ಹೀಗೇ ಅಲ್ವೇನೆ ಹೋಗಿದ್ದು, ಬೆರಳಲ್ಲಿ ಉಂಗುರ ನೋಡಿ ಕೇಳಿದ್ರಂತೆ, ಇವಳು ಖುಷಿಯಾಗಿ ಎಲ್ಲಾ ಹೇಳಿದ್ಲಂತೆ, ಏರ್‌ಪೋರ್ಟಿನ ಮೇಜಿನ ಹತ್ರಾನೇ ವೀಸಾಕ್ಕೆ ಗೆರೆ ಎಳೆದು ಮುಂದಿನ ವಿಮಾನಕ್ಕೆ ವಾಪಸ್ ಹತ್ತಿಸಿದ್ರು, ಪೆಟ್ಟಿಗೇನೂ ಬಿಚ್ಚಿರಲಿಲ್ಲ. ಹಾಗಾದ್ರೆ ಕಿತಾಬ್ ಮುರಿಸಿಕೊಂಡ್ರೆ, ಮುರಿಸಿಕೊಂಡ್ರೂ ವೀಸಾ ಮತ್ತೆ ಹುಟ್ಟಲ್ವಂತೆ ಕಣೆ, ಕಿತಾಬ್ ಬರೆದ ದಿನಾನೇ ಸತ್ತಿರುತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ಹಾಗೂ ಅಲ್ಲ, ಬಾಯಿಗೆ ಬಂದು ಗಂಟಲಲ್ಲಿ ನಿಂತಿದೆ, ಬಿಸಿ ತುಪ್ಪ, ಉಗುಳುವ ಹಾಗಿಲ್ಲ ನುಂಗುವ ಹಾಗಿಲ್ಲ. ಟ್ರಾಮಿನಲ್ಲಿ ಬರುವಾಗ ಉಂಗುರ ಬಿಚ್ಚಿ ಪರ್ಸಿಗೆ ಹಾಕಿಕೊಂಡಳು, ಎದುರಿಗೆ ಕೂತ ಮುದುಕಿ ನೋಡಿದಳು, ಮುದುಕಿಗೂ ಹೆದರಿದಳು, ಈ ಮುದುಕಿಗೇ ಹೀಗಾದರೆ ಆ ಮೇಜಿನ ಹಿಂದೆ ಕೂತವನ ಮುಂದೆ ಹೇಗೆ ನಿಲ್ಲುವುದು, ಅವನು ಕೇಳುತ್ತಾನೆ, ಮದುವೆ ಆಗಿದೆಯೇ, ಇಲ್ಲ, ಬೆರಳಿನಲ್ಲಿ ಏನದು ಬಿಳಿ ಗೆರೆ, ಉಂಗುರ ತೆಗೆದರೂ ಗೆರೆ ಉಳಿದಿದೆ, ಬಿಸಿಲಿಗೆ ಕಂದದ ಜಾಗ, ಈಗಲೂ ಇದೆ, ಉಜ್ಜಿದಳು, ಕೆಂಪಾಯಿತು.

ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು, ಇನ್ನೂ ಕಳಿಸಿಲ್ವೇನೆ, ಇಲ್ಲ, ಆ ಇನಾಸ್ ಮಾತು ತಲೇಲಿಟ್ಟುಕೊಂಡು ಕೂತಿದೀಯ, ಅವಳಿಗೆ ಹೊಟ್ಟೆಯುರಿ, ಅವಳ ಹೆಸರು ವೀಸಾ ಲಾಟರಿಯಲ್ಲಿ ಬರಲೇ ಇಲ್ಲ ನೋಡು. ಅಮ್ಮಾ, ಅವಳು ಸುಳ್ಳು ಹೇಳ್ತಿಲ್ಲ, ನಾನೂ ಓದಿದೆ, ವೀಸಾ ಜೊತೆ ಕೊಟ್ಟ ಹಾಳೇಲೇ ಇದೆ. ಹಾಳೆ ಬರೆದವನಿಗೆ ನಮ್ಮ ಮನೆ ಸಂಗತಿ ಏನ್ ಗೊತ್ತು, ನೀನು ಯಾರ ಮನೇಲಿ ಮಲಗ್ತೀಯ, ನಿನ್ನ ಮನೇಲಿ, ಯಾರ ತಟ್ಟೇಲಿ ಉಣ್ತೀಯ, ನಿನ್ನ ತಟ್ಟೇಲಿ, ಹಾಗಾದ್ರೆ ಅದ್ಯಾವ ಸೀಮೆ ಮದುವೆ, ಬರಿ, ಆಗಿಲ್ಲ ಅಂತ ಬರಿ, ಪಾಪ ಇದ್ರೆ ನನ್ನ ಕೊರಳಿಗಿರಲಿ. ಅಮ್ಮನ ದನಿ ಗಟ್ಟಿಯಾಗಿಯೇ ಇತ್ತು, ಕೈಯಲ್ಲಿದ್ದ ಬಟ್ಟೆ ಮಾತ್ರ ಒರೆಸುವುದು ಮುಗಿದರೂ ಒರೆಸುತ್ತಲೇ ಇತ್ತು, ಅವಳಿಗೂ ಭಯ, ಅಮ್ಮನಿಗೂ ಭಯ ಎಂದು ತಿಳಿದ ಮೇಲೆ ರಬಾಬ್‌ಗೆ ನಿಂತ ನೆಲವೇ ಹೋದ ಹಾಗಾಯಿತು. ಮಧ್ಯಾಹ್ನ ಅಮ್ಮ ದೊಡ್ಡಪ್ಪನಿಗೆ ಹೇಳಿದರೆ ಅವರದು ಇನ್ನೊಂದು ಉಪಾಯ, ಅದಕ್ಯಾಕೆ ಅಳ್ತೀರಿ, ಹುಡುಗನ ಕೈಲಿ ತಲಾಖ್ ಅಂತ ಒಂದು ಮಾತು ಹೇಳಿಸಿ ಬಿಡಿಸಿಬಿಡೋಣ, ಅವಳು ಅಲ್ಲಿ ಇಳಿದ ಮೇಲೆ ಮತ್ತೆ ಬರೆಸೋಣ, ಶೇಖ್ ನಮ್ಮೋರೇ, ಅಂದರಂತೆ, ಅಂಗಿಗೆ ಗುಂಡಿ ಹಚ್ಚುವಷ್ಟು ಸಲೀಸು. ಹೈಸಮ್ ಫೋನು ಮಾಡಿದ್ದ ಆಗಲೇ, ಯಾರದೋ ಮನೆಯ ಅಡುಗೆಮನೆಯಿಂದ, ಹಿಂದೆ ಫ್ರಿಜ್ಜು ಗುರ್ ಅನ್ನುತ್ತಿತ್ತು, ದೊಡ್ಡಪ್ಪ ಹೇಳಿದ್ರು ರಬಾಬ್, ಆ ಮಾತು ಹೇಳು ಅಂದ್ರು, ಹೇಳ್ಲಾ, ಬೇಡ, ನಿನಗೋಸ್ಕರ ಹೇಳ್ತೀನಿ, ನಾಲಿಗೆ ಹೊರಳಲ್ಲ, ಆದ್ರೂ ಹೇಳ್ತೀನಿ, ಬೇಡ ಅಂದ್ನಲ್ಲ, ಹೇಳಿದ್ರೂ ಪ್ರಯೋಜನ ಇಲ್ಲ ಹೈಸಮ್, ವೀಸಾನೂ ಹೋಗುತ್ತೆ ನೀನೂ ಹೋಗ್ತೀಯ. ಅವನು ಫ್ರಿಜ್ಜು ಆರಿಸಿದ, ಕೇಳಿದ, ಹಾಗಾದ್ರೆ ನಾನು ಯಾರು ಅಂತ ಬರೀತೀಯ. ಯಾರೂ ಅಲ್ಲ, ಹಾಗೆ ಬರೆಯುವ ಕಾಲಂ ಇಲ್ಲ, ಆದರೆ ಇಲ್ಲ ಎಂದು ಬರೆದರೆ ಅದೇ ಅರ್ಥ, ಮುಂದೆ ಅವನನ್ನು ಕರೆಸಿಕೊಳ್ಳುವ ದಿನ ಬಂದರೆ ಕಿತಾಬಿನ ತಾರೀಖು ಎದ್ದು ಕೂರುತ್ತದೆ, ವೀಸಾದ ತಾರೀಖು ಪಕ್ಕದಲ್ಲೇ ಕೂರುತ್ತದೆ, ಎರಡನ್ನೂ ಒಬ್ಬ ನೋಡುತ್ತಾನೆ, ಸುಳ್ಳುಗಾತಿ ಅನ್ನುತ್ತಾನೆ, ಆಗ ಅವಳನ್ನೂ ಹೊರಗೆ ಹಾಕುತ್ತಾರೆ, ಅಪ್ಪನ ಗ್ರೀನ್ ಕಾರ್ಡಿಗೂ ಕೈ ಹಾಕುತ್ತಾರೋ ಏನೋ. ಹೌದು ಎಂದು ಬರೆದರೆ ಅಪ್ಪ ಅಲ್ಲಿ ಒಬ್ಬನೇ ಕಾದು ಕಾದು ತಂದ ಪುಟ ಇವತ್ತೇ ರದ್ದಿ.

ಆದರೆ ಇದು ಸರ್ಕಾರ ಅಲ್ಲವಲ್ಲ, ಹಲ್ಲಿನ ಅಂಗಡಿ, ಅಷ್ಟೇ, ಮಿಸೆಸ್ ಕ್ಯಾರಲ್‌ಗೇನು ಗೊತ್ತು, ಏನಾಗಬೇಕು ಅವಳಿಗೆ, ತೆರಿಗೆ ಲೆಕ್ಕ, ಒಂದು ಸಾಲು, ಅವಳು ಯಾರನ್ನು ಕೇಳಲು ಹೋಗುತ್ತಾಳೆ — ರಬಾಬ್ ಪುಟದ ಮೇಲೆ ಬಿಸಿಲು ಬೀಳುವ ಹಾಗೆ ಪಾಸ್‌ಪೋರ್ಟ್ ತಿರುಗಿಸಿದಳು, ಫೋಟೋ ತೆಗೆದಳು, ಅವಳದೇ ಬೆರಳಿನ ನೆರಳು ಮೂಲೆಯ ಅಕ್ಷರಗಳ ಮೇಲೆ ಬಿತ್ತು, ಅಳಿಸಿದಳು, ಮತ್ತೆ ತೆಗೆದಳು, ಬಾಂಗ್ ಶುರುವಾಯಿತು, ಬಾಂಗ್ ಆಗುವಾಗ ಸುಳ್ಳು ಬರೆಯಬಾರದು, ಮುಗಿಯಲಿ, ಒಂದು ಮಸೀದಿಯದು ಮುಗಿದರೆ ಇನ್ನೊಂದರದು, ಆಚೆ ಓಣಿಯದು, ಸಮುದ್ರದ ಕಡೆಯದು, ಮುಗಿಯಿತು, ನಾಲ್ಕನೆಯ ಸಾಲಿನಲ್ಲಿ ಇಲ್ಲ ಎಂದು ಬರೆದಳು, ಕಣ್ಣು ಮುಚ್ಚಿ ಒತ್ತಿದಳು. ಹೋಯಿತು. ಅಮ್ಮ ಒಳಗಿನಿಂದ, ಕಳಿಸಿದ್ಯಾ, ಕಳಿಸಿದೆ, ಅಲ್ಹಮ್ದುಲಿಲ್ಲಾ, ಬಾ ಅನ್ನ ಆರುತ್ತೆ, ಬಂದೆ ಅಂದಳು, ಎದ್ದಳು, ಕಾಲು ಹಗುರ, ಇಷ್ಟಕ್ಕೇ ಇಷ್ಟು ಹೆದರಿದ್ದೆನೇ, ಎಲ್ಲರೂ ಹೀಗೇ ಅಲ್ಲವೇ ಹೋಗುವುದು, ಯಾರ ಬಾಳಿನಲ್ಲಿ ಒಂದು ಸಾಲು ಹೆಚ್ಚುಕಮ್ಮಿ ಇಲ್ಲ, ಅಂದುಕೊಳ್ಳುತ್ತಿರುವಾಗಲೇ ಫೋನು ಕೈಯಲ್ಲಿ ನಡುಗಿತು, ಮಿಸೆಸ್ ಕ್ಯಾರಲ್, ಇಷ್ಟು ಬೇಗ, ಧನ್ಯವಾದ ಪ್ರೀತಿಯ ರಬಾಬ್, ವೀಸಾ ಪುಟ ಸ್ಪಷ್ಟವಾಗಿದೆ, ಜಾಗ ನಿಮ್ಮದೇ — ಜಾಗ ನನ್ನದೇ, ಅಮ್ಮಾ — ಒಂದು ಸಣ್ಣ ತಪ್ಪು ಮಾತ್ರ, ಕೊನೆಯ ಸಾಲಿನಲ್ಲಿ ನೀವು ಇಲ್ಲ ಎಂದು ಬರೆದಿದ್ದೀರಿ, ಕೈತಪ್ಪಿರಬೇಕು, ನಿಮ್ಮ ತಂದೆ ಮೊನ್ನೆ ಸಿಹಿ ಹಂಚಿ ಮದುವೆಯ ಚಿತ್ರ ಕೊಟ್ಟರು, ನಾವೆಲ್ಲ ನೋಡಿ ಕಣ್ಣು ತುಂಬಿಕೊಂಡೆವು, ಗೋಡೆಗೆ ಹಚ್ಚಿದ್ದೇವೆ, ಸರಿಪಡಿಸಿ ಇನ್ನೊಮ್ಮೆ ಕಳಿಸಿ, ಮದುವೆಯ ಕಾಗದವಿದ್ದರೆ ಅದನ್ನೂ ಸೇರಿಸಿ, ನಿಮ್ಮ ಕಡತದಲ್ಲಿ ವೀಸಾ ಪುಟದ ಜೊತೆಗೇ ಇರಲಿ. ಅದರ ಕೆಳಗೆ ಗೋಡೆ, ಗೋಡೆಯ ಮೇಲೆ ಸಾಲಾಗಿ ಬಿಳಿ ಪ್ಲಾಸ್ಟರಿನ ದವಡೆಗಳು, ಅವುಗಳ ನಡುವೆ ಚಿತ್ರ, ಅಪ್ಪ ಫೋನು ಹತ್ತಿರ ಹಿಡಿಸಿ ತೆಗೆದುಕೊಂಡದ್ದು, ಮುಖಗಳಿಲ್ಲ, ಯಾರದೂ ಮುಖವಿಲ್ಲ, ಹಸಿರು ಕಂಬಳಿ, ಶೇಖ್‌ನ ಕೈ, ರಬಾಬ್, ಅನ್ನ ಆರ್ತಿದೆ ಕಣೆ, ಶೇಖ್‌ನ ಕೈಯ ಕೆಳಗೆ ಬಿಳಿ ಕರವಸ್ತ್ರ, ಬಿಳಿ ಕರವಸ್ತ್ರದ ನಡುವೆ ಎರಡು ಹೆಬ್ಬೆರಳು ಎತ್ತಿದ ಚೂಪು, ಚಿತ್ರದಲ್ಲಿ ಅದು ನಡುಗುತ್ತಿಲ್ಲ, ಬಿಳಿ ಕರವಸ್ತ್ರ, ಬಿಳಿ ಕರವಸ್ತ್ರ