ಹೆಗಲ ಮೇಲಿನ ಕೈ

ನನ್ನ ಗಂಡ ಚೆನ್ನಯನಿಗೆ ಕಿವಿ ಮಂದ ಎನ್ನುವುದು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಕೋಪರಖೈರಣೆಯಲ್ಲಿ ಸಮುದ್ರ ಒಳಚಾಚಿದ ಖಾಡಿಯ ದಡದಲ್ಲಿ ದೋಣಿ ಮೋಟಾರು ರಿಪೇರಿ ಮಾಡುವವನಿಗೆ ಕಿವಿಯೇ ಕೇಳಿಸದು ಎಂದು ತಿಳಿದರೆ ಯಾವ ಮೀನುಗಾರ ಮೋಟಾರು ತಂದುಕೊಟ್ಟಾನು? ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು ಕೈಯ ಕೆಲಸ. ಪೆಟ್ರೋಲು ಹೆಚ್ಚುಕಡಿಮೆ ಮಾಡುವ ಅದರ ಸ್ಕ್ರೂ ಹೊಂದಿಸುವುದು ಮಾತ್ರ ಕಿವಿಯ ಕೆಲಸ.

ಅದಕ್ಕೆ ನಾನಿದ್ದೆ. ಮೋಟಾರನ್ನು ನೀರು ತುಂಬಿದ ಡ್ರಮ್ಮಿಗೆ ಸಿಕ್ಕಿಸಿ ಶುರು ಮಾಡಿ ಇವರು ಸ್ಕ್ರೂ ತಿರುಗಿಸುತ್ತಿದ್ದರು. ನಾನು ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟಿರುತ್ತಿದ್ದೆ. ಸದ್ದು ಸಮವಾದ ಕೂಡಲೇ ಒಮ್ಮೆ ಒತ್ತಿದರೆ ಇವರ ಬೆರಳು ಅಲ್ಲೇ ನಿಲ್ಲುತ್ತಿತ್ತು. "ಬೀವಿ ಛೋಡತೀ ನಹೀ ಕ್ಯಾ ರೇ?" ಹೆಂಡತಿ ಬಿಡುವುದೇ ಇಲ್ಲವೇನೋ ಎಂದು ದಡದವರು ಇವರನ್ನು ಕಿಚಾಯಿಸುತ್ತಿದ್ದರು. ಕಿಚಾಯಿಸಲಿ. ಮಹಾಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಮಶೀನಿನ ಸದ್ದಿಗೆ ಕಿವಿ ಹೋಯಿತು ಎಂದು ಇವರು ನನಗೆ ಹೇಳಿದ್ದರು. ನಾನು ಅತ್ತೆಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ತೊಂಬತ್ನಾಲ್ಕರ ಒಂದು ಭಾನುವಾರ ಡೊಂಬಿವಲಿಯಿಂದ ಬಾಗಿ ಬಂದಳು. ಇವರಿಗೆ ಈ ಕೆಲಸ ಕಲಿಸಿದ ಸೋದರಮಾವನ ಮಗಳು. ಇವರಿಗೇ ಕೊಡುವುದೆಂದು ಮಾತಾಗಿ ತಪ್ಪಿಹೋದವಳು. ಟೆಂಪೋದಲ್ಲಿ ಅವಳ ಅಪ್ಪನ ಕಾಲದ ಇಂಗ್ಲೆಂಡಿನ ಮೋಟಾರು.

"ಅಪ್ಪ ಹೋದ ಮೇಲೆ ಹಾಗೇ ಬಿದ್ದಿತ್ತು ಬಾವ. ಈಗ ನಮ್ಮವರು ರೇತಿಬಂದರದಲ್ಲಿ ದೋಣಿ ತಗೊಂಡಿದ್ದಾರೆ. ಇದನ್ನು ನೀವೇ ಸರಿ ಮಾಡಿ ಕೊಡ್ಬೇಕು," ಎಂದಳು.

ಇವರ ಮುಖ ಅರಳಿತು. ನನ್ನ ತವರಿನವರು ಬಂದಾಗ ಹೀಗೆ ಅರಳಿದ್ದನ್ನು ನಾನು ಕಂಡಿಲ್ಲ. ಚಹಾ ಕುಡಿಯುವಷ್ಟೂ ತಾಳ್ಮೆಯಿಲ್ಲದೆ ಕಾರ್ಬ್ಯುರೇಟರ್ ಬಿಚ್ಚಿದರು. ಒಳಗೆ ಹಳೇ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಅದರೊಳಗೆ ತೇಲುವ ಟೊಳ್ಳು ಫ್ಲೋಟಿನಲ್ಲಿ ತೂತಿದೆಯೋ ನೋಡಲು ಬಿಸಿನೀರು ಬೇಕು ಎಂದದ್ದೇ ತಡ, ಬಾಗಿ ನನ್ನ ಅಡುಗೆಮನೆಗೆ ನುಗ್ಗಿ, ನಾನು ಹಾಲು ಕಾಯಿಸುವ ಪಾತ್ರೆಯಲ್ಲೇ ನೀರು ಕಾಯಿಸಿ ತಂದಳು. ನನಗೆ ಮೈಯೆಲ್ಲ ಉರಿಯಿತು. ಹಿತ್ತಾಳೆಯ ಫ್ಲೋಟನ್ನು ಮುಳುಗಿಸಿದಾಗ ಸಣ್ಣ ಗುಳ್ಳೆಗಳೆದ್ದವು. ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ನೋಡಿ ನಕ್ಕರು. ಗುಳ್ಳೆ ನೋಡಿ ನಗುವಂಥದ್ದು ಏನಿತ್ತೋ!

ತೂತಿಗೆ ಬೆಸುಗೆ ಹಾಕಿ, ಎಲ್ಲ ಜೋಡಿಸಿ, ಮೋಟಾರನ್ನು ಡ್ರಮ್ಮಿಗೆ ಸಿಕ್ಕಿಸಿದರು. "ಲೋಲಾಕ್ಷೀ, ಬಾ ಮಾರಾಯ್ತಿ," ಎಂದು ಕರೆದರು.

"ಒಲೆ ಮೇಲೆ ಸಾರುಂಟು," ಎಂದು ಒಳಗಿನಿಂದಲೇ ಕೂಗಿದೆ. ಒದ್ದಾಡಲಿ, ಬಾಗಿಯ ಎದುರೇ ಒದ್ದಾಡಲಿ, ನನ್ನ ಬೆಲೆ ತಿಳಿಯಲಿ ಎಂದೇ ಕೂಗಿದ್ದು.

ಮೋಟಾರು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ನನಗೆ ಖುಷಿಯಾಯಿತು. ಆಮೇಲೆ ಸದ್ದು ಒಂದೇ ಸಮನಾಯಿತು. ನಾನಿಲ್ಲದೆ ಹೇಗೆ ಎಂದು ಸೌಟು ಹಿಡಿದೇ ಹೊರಗೆ ಬಂದೆ. ಇವರ ಹೆಗಲ ಮೇಲೆ ಬಾಗಿಯ ಕೈ ಇತ್ತು.

"ಇದೆಲ್ಲ ನಿನಗೆ ಯಾರು ಹೇಳಿದ್ದು?" ಎಂದು ಕೇಳಿದೆ.

"ಯಾರು ಹೇಳ್ಬೇಕು ಅಕ್ಕ? ಚಿಕ್ಕವರಿದ್ದಾಗ ಕಿವಿ ಸೋರಿ ಸೋರಿ ಹೋದದ್ದಲ್ವಾ ಬಾವನಿಗೆ. ಅಪ್ಪನಿಗೆ ಗೊತ್ತಾದ್ರೆ ಕೆಲಸ ಕಲಿಸ್ಲಿಕ್ಕಿಲ್ಲ ಅಂತ ನಾನೇ ಹೀಗೆ ಕೈ ಇಟ್ಟು ಹೇಳ್ತಿದ್ದೆ."

ಮಹಾಪೆಯೂ ಸುಳ್ಳು, ನನ್ನ ಗುಟ್ಟೂ ಸುಳ್ಳು. ನನ್ನದೆಂದು ಇಷ್ಟು ವರ್ಷ ಬೀಗಿದ್ದು ಇವಳು ಬಿಟ್ಟುಹೋದ ಜಾಗ. ಸೌಟು ಎಸೆಯಬೇಕೆನಿಸಿತು. ಯಾರ ಮೇಲೆ ಎನ್ನುವುದೊಂದೇ ತಿಳಿಯಲಿಲ್ಲ.

ಆದರೆ ಕಿವಿ ಸುಮ್ಮನಿರಲಿಲ್ಲ. ಸದ್ದು ಸಮವಾಗಿತ್ತು, ಆದರೆ ತೆಳುವಾಗಿತ್ತು. ಡ್ರಮ್ಮಿನಲ್ಲಿ ಚೆಂದ ಓಡುತ್ತದೆ. ದೋಣಿಯ ಭಾರ ಬಿದ್ದು ವೇಗ ಕೊಟ್ಟ ತಕ್ಷಣ ಪೆಟ್ರೋಲು ಸಾಲದೆ ನಿಂತುಬಿಡುತ್ತದೆ. ನಡುನೀರಲ್ಲಿ ನಿಲ್ಲಲಿ, ಬಾಗಿಯ ಕೈಗುಣ ಎಲ್ಲರಿಗೂ ತಿಳಿಯಲಿ ಎಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ. ಆದರೆ ಕೆಟ್ಟ ಹೆಸರು ಬರುವುದು ಬಾಗಿಗಲ್ಲ, ಇವರ ಕೆಲಸಕ್ಕೆ.

ಸೌಟನ್ನು ಬಾಗಿಯ ಕೈಗೆ ಕೊಟ್ಟು ಇವರ ಹಿಂದೆ ನಿಂತೆ. ಸಡಿಲಿಸು ಎನ್ನುವಂತೆ ಹೆಗಲು ಹಿಡಿದು ಹಿಂದಕ್ಕೆ ಎಳೆದೆ. ಇವರು ತಿರುಗಿ ನೋಡಲೂ ಇಲ್ಲ. ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದರು. ಸದ್ದು ತುಂಬಿಕೊಂಡಿತು. ಒತ್ತಿದೆ. ಇವರು ವೇಗ ಏರಿಸಿದರು. ನೀರು ಡ್ರಮ್ಮಿನಿಂದ ಹಾರಿ ನಮ್ಮ ಮೈಮೇಲೆ ಬಿತ್ತು. ಮೋಟಾರು ಕೆಮ್ಮಲಿಲ್ಲ.

ಬಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಗು ಹೋಗಿತ್ತು.

"ನಾನು ಒತ್ತಿದ್ರೆ, ಅವತ್ತೂ ಇವತ್ತೂ, ಬಾವ ತಿರುಗಿ 'ಖಂಡಿತವಾ?' ಅಂತ ಒಂದ್ಸಲ ಕೇಳ್ತಾರೆ," ಎಂದಳು. "ನಿಮ್ಮನ್ನು ಕೇಳ್ಲೇ ಇಲ್ಲ."