ನಾಲ್ಕನೇ ಸುತ್ತಿನ ಕೇಬಲ್

ಬೆಳಗಿನಿಂದ ನಾನು ಮರಿ ಹೊತ್ತ ಬೆಕ್ಕಿನ ಹಾಗೆ ಯಂತ್ರದ ಸುತ್ತ ಅಲೆಯುತ್ತಿದ್ದೆ. ನಮ್ಮ ಯಂತ್ರದಲ್ಲಿ ಎಲೆಕ್ಟ್ರಾನ್ ಕಿರಣ ಒಂದೇ ದಾರಿಯಲ್ಲಿ ನಾಲ್ಕು ಸುತ್ತು ಬರಬೇಕು. ಪ್ರತಿ ಸುತ್ತಿಗೂ ಸರಿಯಾದ ಹೊತ್ತಿಗೆ ಬೆನ್ನಿಗೊಂದು ವಿದ್ಯುತ್ತಿನ ಏಟು ಬೀಳಬೇಕು. ಮೂರು ಸುತ್ತು ಸಲೀಸು. ನಾಲ್ಕನೆಯದಕ್ಕೆ ಕಿರಣ ಸತ್ತೇ ಹೋಗ್ತಿತ್ತು. ನಿನ್ನೆ ನೆಟ್ಟಗಿದ್ದದ್ದಕ್ಕೆ ಇವತ್ತೇನು ಗ್ರಹಚಾರ ಬಡೀತೋ.

ಮೂಲೆಯ ಕುರ್ಚಿಯಲ್ಲಿ ಮಾವ ಕೂತಿದ್ದರು. ಯಂತ್ರ ಅವರ ಕೂಸು. ನಿವೃತ್ತಿಯಾದ ಮೇಲೂ ದಿನಾ ನನ್ನ ಜೊತೆ ಬರ್ತಾರೆ. ಇತ್ತೀಚೆಗೆ ಮರೆವು. ಹೋದ ವಾರ ಯಂತ್ರ ತಣಿಸುವ ನೀರಿನ ಪಂಪು ಆರಿಸಿಬಿಟ್ಟಿದ್ದರು. "ಇನ್ನೊಂದು ಎಡವಟ್ಟಾದರೆ ಅವರ ಪಾಸ್ ವಾಪಸ್ ತಗೋತೀನಿ" ಅಂದಿದ್ದರು ನಿರ್ದೇಶಕರು. ಮನೆಯಲ್ಲಿ ಕೂರಿಸಿದರೆ ಈ ಮನುಷ್ಯ ಉಳಿಯಲ್ಲ ಅಂತ ನನಗೆ ಭಯ.

"ಏಟು ಮುಂಚೆ ಬೀಳ್ತಿದೆ ಕಣಮ್ಮ. ಕೇಬಲ್ ನೋಡು," ಅಂದರು ಮಾವ, ತೆರೆಯ ಮೇಲಿನ ಗೆರೆ ನೋಡಿ.

"ಕೇಬಲ್ ಏನು ರಾತ್ರೋರಾತ್ರಿ ಸವೆಯುತ್ತಾ ಮಾವ?" ಅಂತ ಸಿಡುಕಿದೆ.

ಆದರೂ ವಿದ್ಯುತ್ ಇಳಿಸಿ, ಉಳಿದ ವಿದ್ಯುತ್ತು ನೆಲಕ್ಕಿಳಿಯಲಿ ಅಂತ ಅರ್ತಿಂಗ್ ಕೋಲು ಮುಟ್ಟಿಸಿ ಒಳಗೆ ಹೋದೆ. ಗೋಡೆಯ ಮೇಲೆ ನಾಲ್ಕು ಕೇಬಲ್ ಸುರುಳಿ. ಏಟು ಎಷ್ಟು ಹೊತ್ತು ಕಾಯಬೇಕೋ, ಅದು ಹಾದು ಬರುವ ಕೇಬಲ್ ಅಷ್ಟು ಉದ್ದ. "ಕೇಬಲ್ ಅಂದರೆ ಹೊತ್ತು, ಕತ್ತರಿ ಹಾಕಬೇಡ" ಅಂತ ಮೊದಲ ದಿನವೇ ನನಗೆ ಹೇಳಿಕೊಟ್ಟವರು ಮಾವ.

ನಾಲ್ಕನೇ ಸುರುಳಿ ಸಣ್ಣದಾಗಿತ್ತು. ತುದಿಗೆ ಹೊಸ ಕನೆಕ್ಟರ್, ಅಚ್ಚುಕಟ್ಟಾದ ಬೆಸುಗೆ. ಕತ್ತರಿಸಿದ ತುಂಡು ಪಕ್ಕದ ಮೊಳೆಯಲ್ಲಿ ನೇತಾಡ್ತಿತ್ತು, ಬಿಳಿ ದಾರದಲ್ಲಿ ಜೋಡಿ ಗಂಟು ಹಾಕಿ. ಆ ಗಂಟು ಮನೆಯಲ್ಲಿ ಮಾವ ಕಟ್ಟುವ ಪ್ರತಿ ಪೊಟ್ಟಣದ ಮೇಲೂ ಇದೆ. ನಿನ್ನೆ ಸಂಜೆ ನಾನು ಮೀಟಿಂಗಿನಲ್ಲಿದ್ದಾಗ ಮಾವ ಇಲ್ಲಿ ಒಬ್ಬರೇ ಇದ್ದರು. ಗಂಟು ಬಿಚ್ಚಿ ದಾರವನ್ನು ಜೇಬಿಗೆ ಹಾಕಿಕೊಂಡೆ.

ತುಂಡನ್ನು ಮತ್ತೆ ಜೋಡಿಸಿದೆ. ಕಿರಣ ನಾಲ್ಕನೇ ಸುತ್ತು ಮುಗಿಸಿತು. ನಿರ್ದೇಶಕರು ಬಂದು ಜೋಡಿಸಿದ ಜಾಗ ನೋಡಿದರು.

"ಯಾರು ಕತ್ತರಿಸಿದ್ದು?" ಅಂದರು. ಅವರ ಕಣ್ಣು ಆಗಲೇ ಮೂಲೆಯ ಕುರ್ಚಿಯ ಕಡೆ ಹೋಗಿತ್ತು.

"ನಾನೇ ಸರ್. ಸುರುಳಿ ಜೋತುಬಿದ್ದು ಕಾಲಿಗೆ ತೊಡರ್ತಿತ್ತು, ಜಾಸ್ತಿ ಇದೆ ಅಂದ್ಕೊಂಡೆ."

ಮಾವ ಎದ್ದೇ ಬಂದರು. "ನೀನಾ? ಕೇಬಲ್ ಅಂದರೆ ಹೊತ್ತು ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು? ಬುದ್ಧಿ ಎಲ್ಲಿ ಅಡವಿಟ್ಟಿದ್ದೆ?" ನಿರ್ದೇಶಕರೆದುರೇ ಬೆವರಿಳಿಸಿದರು. ತಲೆ ತಗ್ಗಿಸಿ ನಿಂತೆ. ಬೈಗುಳದಲ್ಲಿ ಒಂದಕ್ಷರವೂ ಮರೆತಿರಲಿಲ್ಲ.

"ನಾಳೆಯಿಂದ ನಿನ್ನ ಮೇಲೊಂದು ಕಣ್ಣಿಡಬೇಕು," ಅಂದರು ಕೊನೆಗೆ.

"ಇಡಿ ಮಾವ," ಅಂದೆ. "ದಿನಾ ಬನ್ನಿ."